ಗ್ರಿಡ್‌ಗೆ ಯಾವ ಲೆಕ್ಕ ಸರಿ?

ಒಬ್ಬ ವ್ಯಕ್ತಿ ಹತ್ತು ಜನರನ್ನು ಎಂಟು ಜೋಡಿ ವಿರುದ್ಧ ಗುಣಗಳ ಮೇಲೆ 1ರಿಂದ 7ರವರೆಗೆ ಅಳೆದ ರೆಪರ್ಟರಿ ಗ್ರಿಡ್ (ಒಬ್ಬರು ಬೇರೆಯವರನ್ನು ಹೇಗೆ ನೋಡುತ್ತಾರೆ ಅಂತ ತೋರಿಸುವ ಅಂಕಿಗಳ ಕೋಷ್ಟಕ) ಇದೆ, ಪ್ರಿನ್ಸಿಪಲ್ ಕಾಂಪೊನೆಂಟ್ (ಅಂಕಿಗಳ ವ್ಯತ್ಯಾಸವನ್ನು ಕೆಲವೇ ಮುಖ್ಯ ಅಳತೆಗಳಿಗೆ ಇಳಿಸುವ ಲೆಕ್ಕ) ಮಾಡಲೋ ಕ್ಲಸ್ಟರ್ (ಒಂದನ್ನೊಂದು ಹೋಲುವವನ್ನು ಗುಂಪು ಮಾಡುವ ಲೆಕ್ಕ) ಮಾಡಲೋ ಅಂತ ಕೇಳಿದ್ದೀರಿ. ಎರಡನ್ನೂ ಮಾಡಿ, ಜಾಸ್ತಿ ಹೊತ್ತು ಹಿಡಿಯುವುದಿಲ್ಲ. ಆದರೆ ಜನರ ನಡುವೆ ಕೋರಿಲೇಶನ್ (ಎರಡು ಸಾಲು ಅಂಕಿಗಳು ಎಷ್ಟು ಜೊತೆಜೊತೆಯಾಗಿ ಏರಿಳಿಯುತ್ತವೆ ಅನ್ನುವ ಅಳತೆ) ತೆಗೆಯಬೇಡಿ. ‘ಬಿಗುಮಾನ–ಸಲಿಗೆ’ ಜೋಡಿಯನ್ನು ‘ಸಲಿಗೆ–ಬಿಗುಮಾನ’ ಅಂತ ತಿರುಗಿಸಿದರೆ ಸಾಕು, ಆ ಸಂಖ್ಯೆಗಳೇ ಬದಲಾಗುತ್ತವೆ. ಯೂಕ್ಲಿಡ್ ದೂರ (ಇಬ್ಬರ ಅಂಕಿಗಳ ನಡುವಿನ ನೇರ ಅಂತರ) ಹಾಗಲ್ಲ, ತಿರುಗಿಸಿದರೂ ಅಷ್ಟೇ ಇರುತ್ತದೆ. ಗುಣಗಳ ನಡುವೆ ಕೋರಿಲೇಶನ್ ಪರವಾಗಿಲ್ಲ, ಅಲ್ಲಿ ಪ್ಲಸ್ ಮೈನಸ್ ಆಗುತ್ತದೆ, ಅಷ್ಟೇ.

ಮೊದಲ ಕಾಂಪೊನೆಂಟೇ 80% ವ್ಯತ್ಯಾಸ ಹಿಡಿದರೆ, ಗ್ರಿಡ್ ತುಂಬಿದ ವ್ಯಕ್ತಿ ಎಲ್ಲರನ್ನೂ ಹೆಚ್ಚುಕಡಿಮೆ ಒಂದೇ ಅಳತೆಗೋಲಿನಿಂದ ಅಳೆಯುತ್ತಿರಬಹುದು. ಆದರೆ ಇಷ್ಟು ಚಿಕ್ಕ ಗ್ರಿಡ್‌ನಲ್ಲಿ ಸುಮ್ನೆ ತುಂಬಿದ ಅಂಕಿಗಳಿಂದಲೂ ಮೊದಲ ಕಾಂಪೊನೆಂಟ್ ಸಾಕಷ್ಟು ದೊಡ್ಡದಾಗಿ ಬರುತ್ತದೆ. ಅದೇ ಗಾತ್ರದ ರ‍್ಯಾಂಡಮ್ (ಮನಬಂದಂತೆ ಅಂಕಿ ತುಂಬಿದ) ಗ್ರಿಡ್‌ಗಳ ಜೊತೆ ಹೋಲಿಸಿದ ಮೇಲೆಯೇ ಅರ್ಥ ಹೇಳಿ.