ಪಿಎಚ್.ಡಿ. ಮುಗಿಯಲೆಂದು ಕಾಯಬೇಡಿ, ಕ್ಲೌಡ್ ಚೇಂಬರ್ ಕಟ್ಟಿ

ಬಿ.ಎಸ್‌ಸಿ. ಎರಡನೇ ವರ್ಷ, ಕಣಭೌತಶಾಸ್ತ್ರದ ಹುಚ್ಚು. ಸಂಶೋಧನೆ ಮೊದಲೋ, ಪಾಠವೋ, ಶಾಲೆ ಶಾಲೆಗೆ ಹೋಗಿ ವಿಜ್ಞಾನ ಹೇಳುವುದೋ ಅಂತ ಕೇಳಿದ್ದೀರಿ. ನಾನೂ ಇದೇ ಗೊಂದಲದಲ್ಲಿದ್ದವನೇ. ಮೂರನ್ನೂ ಬೇರೆ ಬೇರೆ ಮಾಡಿದ್ದೇ ತಪ್ಪು. ಈ ಸೆಮಿಸ್ಟರ್‌ನಲ್ಲೇ ಒಂದು ಕ್ಲೌಡ್ ಚೇಂಬರ್ ಕಟ್ಟಿ, ಅಂದರೆ ಕಣ್ಣಿಗೆ ಕಾಣದ ಕಣ ಹಾದುಹೋದ ದಾರಿಯನ್ನು ಮಂಜಿನ ಗೆರೆಯಾಗಿ ತೋರಿಸುವ ಪೆಟ್ಟಿಗೆ.

ಚಿಕ್ಕದೊಂದು ಗಾಜಿನ ಮೀನಿನ ತೊಟ್ಟಿ ಸಾಕು. ಒಳಗೆ ತಳಕ್ಕೆ ಫೆಲ್ಟ್ ಬಟ್ಟೆಯನ್ನು ಮ್ಯಾಗ್ನೆಟ್‌ಗಳಿಂದ ಹಿಡಿಸಿ. ಅಂಟು ಹಾಕಿದರೆ ಆಲ್ಕೋಹಾಲಿಗೆ ಬಿಟ್ಟುಕೊಳ್ಳುತ್ತದೆ. ಬಟ್ಟೆಯನ್ನು ಆಲ್ಕೋಹಾಲಿನಲ್ಲಿ ನೆನೆಸಿ, ತೊಟ್ಟಿಯನ್ನು ಕಪ್ಪು ಬಳಿದ ಅಲ್ಯೂಮಿನಿಯಂ ತಟ್ಟೆಯ ಮೇಲೆ ಬೋರಲು ಹಾಕಿ, ಅಂಚು ಮುಚ್ಚಿ. ತಟ್ಟೆಯ ಕೆಳಗೆ ಥರ್ಮೋಕೋಲ್ ಟ್ರೇಯಲ್ಲಿ ಡ್ರೈ ಐಸ್ (ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್), ಮೈನಸ್ 78 ಡಿಗ್ರಿ. ಕೈಗವಸು ಬೇಕೇಬೇಕು, ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಬೇಡ.

ಎಲ್ಲರೂ ಎಡವುವುದು ಆಲ್ಕೋಹಾಲಿನಲ್ಲಿ. ಮೆಡಿಕಲ್ ಶಾಪಿನ 70 ಶೇಕಡಾದ್ದು ನಡೆಯುವುದಿಲ್ಲ. ಅದರ ನೀರು ತಟ್ಟೆಯ ಮೇಲೆ ಹಿಮವಾಗಿ ಕೂರುತ್ತದೆ, ಆವಿಯಲ್ಲಿ ಆಲ್ಕೋಹಾಲ್ ಕಡಿಮೆಯಾಗುತ್ತದೆ, ಗೆರೆ ಮೂಡಬೇಕಾದ ಅತಿಪರ್ಯಾಪ್ತ ಪದರವೇ (ಹನಿಗಟ್ಟಲು ತುದಿಗಾಲಲ್ಲಿ ನಿಂತ ಆವಿ) ಸರಿಯಾಗಿ ನಿಲ್ಲುವುದಿಲ್ಲ. ಆ ಪದರ ಇರುವುದೇ ತಟ್ಟೆಗಂಟಿ ಸುಮಾರು ಒಂದು ಸೆಂಟಿಮೀಟರ್. ಜನ ಡ್ರೈ ಐಸನ್ನು ಬೈಯುತ್ತಾರೆ, ಟಾರ್ಚ್ ಬದಲಿಸುತ್ತಾರೆ, ಬಾಟಲಿಯ ಲೇಬಲ್ ಮಾತ್ರ ಓದುವುದಿಲ್ಲ. 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್ ಅಂತ ಬರೆದಿದ್ದರಷ್ಟೇ ಕೊಳ್ಳಿ.

ಹತ್ತು ಹದಿನೈದು ನಿಮಿಷ ಬಿಟ್ಟು, ಕೋಣೆ ಕತ್ತಲು ಮಾಡಿ, ಟಾರ್ಚನ್ನು ಪಕ್ಕದಿಂದ ತಟ್ಟೆಯ ಮಟ್ಟಕ್ಕೇ ಹಿಡಿಯಿರಿ. ದಪ್ಪ, ಗಿಡ್ಡ ಗೆರೆ ಆಲ್ಫಾ ಕಣ (ಹೀಲಿಯಂ ನ್ಯೂಕ್ಲಿಯಸ್), ಅಂಕುಡೊಂಕಾದದ್ದು ಎಲೆಕ್ಟ್ರಾನ್, ತೆಳ್ಳಗೆ ನೇರವಾದವುಗಳಲ್ಲಿ ಬಹಳಷ್ಟು ಮ್ಯುಯಾನ್, ಅಂದರೆ ವಾಯುಮಂಡಲದ ಮೇಲಿನಿಂದ ಬರುವ, ಎಲೆಕ್ಟ್ರಾನಿನ ಭಾರದ ಬಂಧು.

ಪಾಠ ಅಲ್ಲೇ ಇದೆ. ಮ್ಯುಯಾನಿನ ಸರಾಸರಿ ಆಯುಸ್ಸು 2.2 ಮೈಕ್ರೋಸೆಕೆಂಡ್, ಬೆಳಕಿನ ವೇಗದಲ್ಲೂ ಅದು 660 ಮೀಟರ್ ದಾರಿ. ಹುಟ್ಟುವುದು ಸುಮಾರು 15 ಕಿ.ಮೀ. ಮೇಲೆ. ಮತ್ತೆ ಇಲ್ಲಿಗೆ ಹೇಗೆ ಬಂತು? ಹೈಸ್ಕೂಲ್ ಮಕ್ಕಳು ಈ ಪ್ರಶ್ನೆಗೆ ತಾವಾಗಿಯೇ ಬರುತ್ತಾರೆ, ನೀವು ಬಾಯಿ ಮುಚ್ಚಿಕೊಂಡಿದ್ದರೆ.

ಸಂಶೋಧನೆಯೂ ಅಲ್ಲೇ. ಗೆರೆ ಎಣಿಸಿ ಬರೆದಿಡಿ: 100 ಎಣಿಸಿದರೆ ಅನಿಶ್ಚಿತತೆ ಅದರ ವರ್ಗಮೂಲ 10, ಅಂದರೆ 10 ಶೇಕಡಾ, ಅದನ್ನು 1 ಶೇಕಡಾಕ್ಕೆ ಇಳಿಸಲು 10,000 ಬೇಕು. ಒಂದೆರಡು ಮಹಡಿ ಕಾಂಕ್ರೀಟ್ ಮ್ಯುಯಾನನ್ನು ಹೆಚ್ಚೇನೂ ತಡೆಯದು. 1965ರಲ್ಲಿ ವಾಯುಮಂಡಲದ ನ್ಯೂಟ್ರಿನೋ (ಯಾವುದಕ್ಕೂ ಸುಲಭಕ್ಕೆ ಸಿಕ್ಕದ ಹಗುರ ಕಣ) ಹಿಡಿಯಲು ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದದ್ದು ಮ್ಯುಯಾನಿನ ಕಾಟ ತಪ್ಪಿಸಿಕೊಳ್ಳಲಿಕ್ಕೇ. ಆ ಗಣಿಯಲ್ಲಿ ಮ್ಯುಯಾನ್ ಅಳೆಯುವ ಕೆಲಸವನ್ನು 1950ರ ದಶಕದಲ್ಲೇ ಹಚ್ಚಿದವರು ನಂಜನಗೂಡಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್.

ಪಿಎಚ್.ಡಿ. ಸೇರಲು ಬರೆಯುವ ಪರೀಕ್ಷೆಗಳ ವಿಷಯ: ಜೆಸ್ಟ್, ಗೇಟ್, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನದ್ದೇ ಪ್ರವೇಶ ಪರೀಕ್ಷೆ. ಎಂ.ಎಸ್‌ಸಿ. ಮೊದಲ ವರ್ಷದಿಂದಲೇ ಹಳೆ ಪ್ರಶ್ನೆಪತ್ರಿಕೆ ಬಿಡಿಸಿ. ಸಂದರ್ಶನದಲ್ಲಿ ಎಣಿಕೆಯ ಆ ನೋಟ್‌ಬುಕ್ ಜೊತೆಗಿರಲಿ.