ಲ್ಯಾಪರೋಸ್ಕೋಪಿಯಲ್ಲಿ (ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾದಲ್ಲಿ ನೋಡುತ್ತಾ ಮಾಡುವ ಆಪರೇಷನ್) ಅಪೆಂಡಿಕ್ಸನ್ನು ಚೀಲಕ್ಕೆ ಹಾಕಿ ಯಾಕೆ ತೆಗೆಯುತ್ತಾರೆ?

ಕೀವು ತುಂಬಿದ ಅಪೆಂಡಿಕ್ಸ್ ಗಾಯದ ಅಂಚಿಗೆ ತಾಗದೆ ಹೊರಗೆ ಬರಲಿ ಅಂತ. ಉಡುಪಿಯಲ್ಲಿ ನಿಮ್ಮ ಮಾವನಿಗಾದ ಆಪರೇಷನ್ನಿನ ವಿಡಿಯೋ ನೋಡಿ, "ಹೊಟ್ಟೆಯೊಳಗೆ ಪ್ಲಾಸ್ಟಿಕ್ ಯಾಕೆ?" ಎಂದು ಕೇಳಿದ್ದೀರಲ್ವಾ, ಕಾರಣ ಇಷ್ಟೇ.

ಹೊಕ್ಕುಳಿನ ಹತ್ತಿರದ ತೂತು ಸುಮಾರು 10 ಮಿಲಿಮೀಟರ್. ಊದಿಕೊಂಡ ಅಪೆಂಡಿಕ್ಸನ್ನು ಅದರಲ್ಲಿ ಸುಮ್ನೆ ಎಳೆದರೆ ಅಂಚಿಗೆ ಉಜ್ಜುತ್ತದೆ, ಒಡೆಯಲೂಬಹುದು. ಚರ್ಮದ ಕೆಳಗಿನ ಕೊಬ್ಬಿಗೆ ರಕ್ತದ ಓಡಾಟ ಕಡಿಮೆ. ಅಲ್ಲಿ ಕೂತ ಬ್ಯಾಕ್ಟೀರಿಯಾವನ್ನು ದೇಹ ಬೇಗ ಕೊಲ್ಲಲಾರದು, ಕೆಲವು ದಿನಗಳಲ್ಲಿ ಗಾಯ ಕೀವಾಗಬಹುದು. ಬೂತಾಯಿ ಮೀನನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಕೈಚೀಲಕ್ಕೆ ಹಾಕುತ್ತೇವಲ್ಲ, ಹಾಗೇ ಇದು. ಕ್ಯಾಮೆರಾದಲ್ಲಿ ನೋಡುತ್ತಾ ಒಳಗೇ ಚೀಲದ ಬಾಯಿ ಬಿಗಿದು, ಆಮೇಲೆ ಎಳೆಯುತ್ತಾರೆ.

ರೆಡಿಮೇಡ್ ಚೀಲಕ್ಕೆ ದುಡ್ಡು ಜಾಸ್ತಿ. ಎಷ್ಟೋ ಕಡೆ ಸ್ಟೆರೈಲ್ (ರೋಗಾಣು ಇಲ್ಲದ) ಗ್ಲೌಸನ್ನೇ ಕತ್ತರಿಸಿ ಚೀಲ ಮಾಡಿಕೊಳ್ಳುತ್ತಾರೆ. ಜುಗ್ಗತನ ಅನ್ನಬೇಡಿ, ಅದೂ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಚೀಲವೊಂದೇ ಸಾಲದು ಅನ್ನಿ. ಚರ್ಮ ಕೊಯ್ಯುವ ಮುಂಚಿನ 60 ನಿಮಿಷದೊಳಗೆ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಕೊಡುತ್ತಾರೆ. ಹೊಕ್ಕುಳಿನ ಮಡಿಕೆಯಲ್ಲಿ ಕೊಳೆ ಕೂರುವುದರಿಂದ ಅದನ್ನೂ ತಿಕ್ಕಿ ತೊಳೆಯುತ್ತಾರೆ. ಆಪರೇಷನ್ನಿನ ಹಿಂದಿನ ರಾತ್ರಿ ಮಾತ್ರ ಅಲ್ಲಿಗೆ ತೆಂಗಿನೆಣ್ಣೆ ಬಿಡಬೇಡಿ!