ಓದುಗರ ಪ್ರಶ್ನೆ, ನಮ್ಮ ಉತ್ತರ: ಬೇಸಿಗೆಯ ಬೆಂಕಿ, ಮಳೆಗಾಲದ ನೀರು

ಕಾಫಿ ಕಣದಿಂದ ಚೀಲ ಸೇರಿ, ಎಲ್ಲರೂ ಕಾಫಿ ಹೂ ಅರಳಿಸುವ ಹೂಮಳೆಗಾಗಿ ಆಕಾಶ ನೋಡುತ್ತಿರುವ ಈ ದಿನಗಳಲ್ಲಿ ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಂಕಿಯನ್ನು ಕುರಿತವು. ಕಳೆದ ಮಳೆಗಾಲದಿಂದ ಉಳಿದುಕೊಂಡಿದ್ದ ನೀರಿನ ಪ್ರಶ್ನೆಗಳನ್ನೂ ಅವುಗಳೊಂದಿಗೆ ಸೇರಿಸಿದ್ದೇನೆ. ಮಾರ್ಚ್ ತಿಂಗಳಲ್ಲಿ ಪ್ರವಾಹದ ಮಾತೇಕೆ ಎಂದು ಸಂಪಾದಕರು ಕೇಳಿದರು. ಜುಲೈಯಲ್ಲಿ ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಮೇಲೆ ಹಾರೆ ಹಿಡಿದು ನಿಲ್ಲಲು ಯಾರಿಗೂ ಆಗುವುದಿಲ್ಲ. ಕೊಡಗಿನಲ್ಲಿ ಮಳೆಗಾಲದ ಕೆಲಸಕ್ಕೆ ಸಿಗುವುದು ಬೇಸಿಗೆ ಮಾತ್ರ. ಬೆಂಕಿಯ ಕೆಲಸವೂ ಹಾಗೆಯೇ ಬೆಂಕಿಗಿಂತ ಎರಡು ತಿಂಗಳು ಮೊದಲೇ ಮುಗಿದಿರಬೇಕಾದದ್ದು.

ಪ್ರಶ್ನೆ: ನಮ್ಮ ತೋಟದ ಒಂದು ಮಗ್ಗುಲಿಗೆ ಮೀಸಲು ಅರಣ್ಯವಿದೆ. ಪ್ರತಿವರ್ಷವೂ ಕಾಫಿ ಕುಯ್ಲು ಮುಗಿಯುವವರೆಗೆ ಆಳು ಸಿಗದೆ ಬೆಂಕಿ ರೇಖೆಯ ಕೆಲಸ ಉಳಿದುಬಿಡುತ್ತದೆ. ಈಗ ಮಾಡಿದರೆ ಪ್ರಯೋಜನವಿದೆಯೇ? ಗಡಿಯ ತರಗೆಲೆಯನ್ನು ಗುಡ್ಡೆ ಹಾಕಿ ಸುಡಬಹುದೇ?
— ಬೆಳೆಗಾರರು, ಸುಂಟಿಕೊಪ್ಪ ಸಮೀಪ

ಉತ್ತರ: ಪ್ರಯೋಜನ ಖಂಡಿತ ಇದೆ, ಆದರೆ ಸುಡಬೇಡಿ. ಡಿಸೆಂಬರ್‌ನಲ್ಲಿ ನೆಲದಲ್ಲಿ ತೇವವಿರುವಾಗ, ಬೆಳಗಿನ ಮಂಜು ಆರುವ ಮೊದಲು ಸಣ್ಣ ಗುಡ್ಡೆಗಳಾಗಿ ಸುಟ್ಟರೆ ಹತೋಟಿಯಲ್ಲಿರುವ ಬೆಂಕಿಯೇ ಮಾರ್ಚ್‌ನ ಮಧ್ಯಾಹ್ನ ಒಂದು ಸುಳಿಗಾಳಿಗೆ ಕೈಮೀರುತ್ತದೆ. ಹಾಗೆ ಹಬ್ಬಿದ ಬೆಂಕಿ ಮೀಸಲು ಅರಣ್ಯವನ್ನು ಸೇರಿದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧವಾಗುತ್ತದೆ. ನನ್ನ ತೋಟದಲ್ಲಿ ನಾನು ಹಚ್ಚಿದ್ದು ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ. ಈಗ ಗಡಿಯುದ್ದಕ್ಕೂ ಕನಿಷ್ಠ ಹತ್ತು ಅಡಿ ಅಗಲಕ್ಕೆ ತರಗೆಲೆಯನ್ನು ತೋಟದ ಒಳಭಾಗಕ್ಕೆ ಗುಡಿಸಿ ಗಿಡಗಳ ಬುಡಕ್ಕೆ ಹರಡಿಸಿ. ಲಾಂಟಾನ ಪೊದೆಗಳಿದ್ದರೆ ಬುಡಸಹಿತ ತೆಗೆಸಿ, ಏಕೆಂದರೆ ನೆಲದ ಬೆಂಕಿ ಮರದ ರೆಂಬೆಗೆ ಹತ್ತುವುದು ಆ ಪೊದೆಗಳ ಮೂಲಕವೇ. ಕೊನೆಗೆ ಬರಿಯ ಮಣ್ಣು ಕಾಣಬೇಕು. ಯಂತ್ರದಿಂದ ಹುಲ್ಲು ಕೊಚ್ಚಿ ಅಲ್ಲಿಯೇ ಬಿಟ್ಟ ಜಾಗವನ್ನು ಹಲವರು ಬೆಂಕಿ ರೇಖೆ ಎಂದು ಭಾವಿಸುತ್ತಾರೆ; ಕೊಚ್ಚಿದ ಹುಲ್ಲು ಮೂರೇ ದಿನದಲ್ಲಿ ಒಣಗಿ, ನಿಂತ ಹುಲ್ಲಿಗಿಂತ ಬೇಗ ಹೊತ್ತಿಕೊಳ್ಳುತ್ತದೆ. ಗಡಿ ಇಳಿಜಾರಿನಲ್ಲಿದ್ದು ಕಾಡು ಕೆಳಗೆ, ತೋಟ ಮೇಲೆ ಇದ್ದರೆ ಹತ್ತು ಅಡಿ ಸಾಲದು, ಇಮ್ಮಡಿ ಮಾಡಿ.

ರೊಬಸ್ಟಾಕ್ಕೆ ಹೂ ಬಿಡಿಸಲು ನೀರು ಹಾಯಿಸುವವರಿಗೆ ಇನ್ನೊಂದು ಅನುಕೂಲವಿದೆ. ಸ್ಪ್ರಿಂಕ್ಲರ್ ಪೈಪುಗಳನ್ನು ಕೆಲಸ ಮುಗಿದೊಡನೆ ಶೆಡ್ಡಿಗೆ ಸೇರಿಸದೆ, ಒಂದು ಸಾಲನ್ನು ಕಾಡಿನ ಗಡಿಯಲ್ಲಿ ಜೋಡಿಸಿಟ್ಟಿದ್ದರೆ ಹೊಗೆ ಕಂಡ ಕೂಡಲೇ ಗಡಿಯನ್ನು ನೆನೆಸಬಹುದು. ಅದಕ್ಕೆ ಬೇಕಾಗುವಷ್ಟು ನೀರು ಕೆರೆಯಲ್ಲಿ ಉಳಿದಿರಬೇಕು. ಮುಂದಿನ ವರ್ಷದ ಮಾತಿಗೆ ಬಂದರೆ, ಕುಯ್ಲಿನ ಆಳುಗಳಲ್ಲಿ ನಾಲ್ವರನ್ನು ಡಿಸೆಂಬರ್‌ನಲ್ಲಿ ಒಂದು ವಾರದ ಮಟ್ಟಿಗೆ ಗಡಿಗೆ ಕಳುಹಿಸಿ. ಹಣ್ಣು ಕೆಲವು ದಿನ ಗಿಡದಲ್ಲೇ ಇದ್ದರೂ ಆಗುವ ನಷ್ಟ ಬೆಂಕಿಯ ನಷ್ಟದಷ್ಟು ದೊಡ್ಡದಲ್ಲ.

ಪ್ರಶ್ನೆ: ಕಾಡಂಚಿನಲ್ಲಿ ಬೆಂಕಿ ಬಿದ್ದಾಗ ನಾವು ಊರಿನ ಹುಡುಗರು ಸೊಪ್ಪು ಹಿಡಿದು ಓಡುತ್ತೇವೆ. ಹಿರಿಯರು ಎದುರು ಬೆಂಕಿ ಕೊಡಿ, ಅಂದರೆ ಹಬ್ಬಿ ಬರುವ ಬೆಂಕಿಯ ಎದುರು ನೀವೂ ಬೆಂಕಿ ಹಚ್ಚಿ ಎನ್ನುತ್ತಾರೆ. ಯಾವುದು ಸರಿ?
— ಕುಟ್ಟದ ಯುವಕರು

ಉತ್ತರ: ಓಡುವ ಮೊದಲು ಫೋನ್ ಮಾಡಿ. ಅಗ್ನಿಶಾಮಕ ಠಾಣೆಗೆ 101 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ, ಹತ್ತಿರದ ಅರಣ್ಯ ಸಿಬ್ಬಂದಿಗೂ ತಿಳಿಸಿ, ವಾಹನ ಎಲ್ಲಿಯವರೆಗೆ ಬರಬಹುದೆಂದು ಹೇಳಿ, ಒಬ್ಬರನ್ನು ಮುಖ್ಯರಸ್ತೆಯ ತಿರುವಿನಲ್ಲಿ ನಿಲ್ಲಿಸಿ. ಎದುರು ಬೆಂಕಿ ಎನ್ನುವುದು ಗಾಳಿಯ ದಿಕ್ಕು, ನೆಲದ ಇಳಿಜಾರು, ಹಿಂದಿರುವ ರೇಖೆ ಮೂರನ್ನೂ ಬಲ್ಲವರು ಮಾಡುವ ಕೆಲಸ. ಅನುಭವಿ ಅರಣ್ಯ ಸಿಬ್ಬಂದಿಯಿಲ್ಲದೆ ಕೈಹಾಕಿದರೆ ಒಂದು ಬೆಂಕಿ ಎರಡಾಗುತ್ತದೆ.

ಸೊಪ್ಪಿನಿಂದ ಆರಿಸುವುದು ಮೊಣಕಾಲೆತ್ತರದ ಜ್ವಾಲೆಗೆ ಮಾತ್ರ. ಹಸಿ ರೆಂಬೆಯನ್ನು ತಲೆಯ ಮೇಲೆತ್ತಿ ಬಡಿದರೆ ಕಿಡಿ ಹಿಂದಕ್ಕೆ ಹಾರಿ ಹೊಸ ಜಾಗ ಹೊತ್ತಿಕೊಳ್ಳುತ್ತದೆ. ರೆಂಬೆಯನ್ನು ತಗ್ಗಿಸಿ ಇಟ್ಟು, ಅದುಮಿ, ಸುಟ್ಟ ಭಾಗದ ಕಡೆಗೆ ಎಳೆಯಬೇಕು. ಬೆಂಕಿಯ ಮುಂದೆ, ಅದರಲ್ಲೂ ಏರಿನ ಮೇಲ್ಭಾಗದಲ್ಲಿ ಎಂದೂ ನಿಲ್ಲಬಾರದು: ಇಳಿಜಾರು ಸುಮಾರು 10 ಡಿಗ್ರಿ ಹೆಚ್ಚಿದಂತೆಲ್ಲ ಬೆಂಕಿ ಮೇಲಕ್ಕೆ ಓಡುವ ವೇಗ ಇಮ್ಮಡಿಯಾಗುತ್ತದೆ ಎಂಬುದು ಅಗ್ನಿಶಾಮಕ ಸೇವೆಯ ತರಬೇತಿಯಲ್ಲಿ ನಮಗೆ ಕಲಿಸಿದ ಲೆಕ್ಕ, ಬೆಟ್ಟದಲ್ಲಿ ನಾನು ಕಣ್ಣಾರೆ ಕಂಡದ್ದೂ ಹೌದು. ಪಕ್ಕದಿಂದ ಕೆಲಸ ಮಾಡಿ. ಸಿಲುಕಿಕೊಂಡರೆ ಆಗಲೇ ಸುಟ್ಟು ಕಪ್ಪಾಗಿರುವ ಜಾಗಕ್ಕೆ ಸೇರಿಕೊಳ್ಳಿ. ನೈಲಾನ್ ಅಂಗಿ ಬೇಡ, ಅದು ಕರಗಿ ಮೈಗೆ ಅಂಟುತ್ತದೆ. ಹಳೆಯ ಹತ್ತಿಯಂಗಿ, ಬೂಟು ಇರಲಿ.

ಆರಿದ ಮೇಲಿನ ಕೆಲಸವನ್ನೇ ಜನ ಬಿಡುತ್ತಾರೆ. ಸೇವೆಯಲ್ಲಿದ್ದಾಗ ಒಂದು ಬಾಣೆಯ (ಗದ್ದೆಗೆ ಸೇರಿದ ಹುಲ್ಲು-ಮರಗಳ ಜಾಗದ) ಬೆಂಕಿಯನ್ನು ಸಂಜೆ ಆರಿಸಿ ಬಂದೆವು. ಮರುದಿನ ಹನ್ನೊಂದು ಗಂಟೆಗೆ ಅಲ್ಲಿಂದಲೇ ಮತ್ತೆ ಕರೆ. ಹೋಗಿ ನೋಡಿದರೆ ಒಂದು ಒಣ ಬೊಡ್ಡೆಯ ಪೊಟರೆಯಲ್ಲಿ ರಾತ್ರಿಯಿಡೀ ಕೆಂಡ ಉಳಿದಿತ್ತು, ಹೊರಗೆ ಹೊಗೆಯ ಎಳೆಯೂ ಇರಲಿಲ್ಲ. ಅಂದಿನಿಂದ ಪ್ರತಿಯೊಂದು ಬೊಡ್ಡೆಯ ಹತ್ತಿರ ಅಂಗೈಯ ಹಿಂಭಾಗ ಹಿಡಿದು ಬಿಸಿ ನೋಡುವುದನ್ನು ರೂಢಿ ಮಾಡಿಕೊಂಡೆ. ಬಿಸಿಯಿದ್ದರೆ ಒಡೆದು, ನೀರು ಹೊಯ್ದು, ಮಣ್ಣು ಮುಚ್ಚಬೇಕು.

ಪ್ರಶ್ನೆ: ಹುಲ್ಲು ಸಾಗಿಸುವ ಲಾರಿಗೆ ತಂತಿ ತಾಗಿ ಬೆಂಕಿ ಹತ್ತಿದರೆ ಚಾಲಕ ಏನು ಮಾಡಬೇಕು?
— ಶನಿವಾರಸಂತೆ

ಉತ್ತರ: ತಂತಿ ಇನ್ನೂ ಲಾರಿಗೆ ತಾಗಿಕೊಂಡಿದ್ದರೆ ಒಳಗಿರುವವರು ಇಳಿಯದೆ ಕುಳಿತು ವಿದ್ಯುತ್ ಕಡಿತಕ್ಕೆ 1912ಕ್ಕೆ ಕರೆ ಮಾಡುವುದು ಸಾಮಾನ್ಯ ನಿಯಮ, ಆದರೆ ಹುಲ್ಲು ಹೊತ್ತಿಕೊಂಡ ಮೇಲೆ ಕುಳಿತಿರಲಾಗದು. ಆಗ ಲಾರಿಯನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ ಎರಡೂ ಕಾಲು ಜೋಡಿಸಿ ಹಾರಿ, ಹಾಗೆಯೇ ಕುಪ್ಪಳಿಸುತ್ತ ದೂರ ಸರಿಯಬೇಕು. ತಂತಿ ಬಿಟ್ಟಿದ್ದು, ಬೆಂಕಿ ಹಿಂಭಾಗದಲ್ಲಿ ಸಣ್ಣದಿದ್ದರೆ ಮಾತ್ರ ಮನೆಗಳಿಂದ ದೂರದ ಬಯಲಿಗೆ ಒಯ್ಯಬಹುದು. ಇದಕ್ಕಿಂತ ಮೇಲಾದದ್ದು, ಜೋತುಬಿದ್ದ ತಂತಿಯ ದಾರಿಯಲ್ಲಿ ಹೊರೆಯ ಎತ್ತರ ತಗ್ಗಿಸುವುದು ಮತ್ತು ಆ ತಂತಿಯ ಬಗ್ಗೆ ವಿದ್ಯುತ್ ಸರಬರಾಜು ಕಂಪನಿ ಸೆಸ್ಕ್‌ನ ಕಚೇರಿಗೆ ಬರೆದು ದೂರು ಕೊಡುವುದು.

ಪ್ರಶ್ನೆ: ಮಳೆಗಾಲದ ಚಳಿಗೆ ಅತ್ತೆಯವರು ಕೋಣೆಯಲ್ಲಿ ಕೆಂಡದ ಬಾಣಲೆ ಇಟ್ಟುಕೊಂಡು ಮಲಗುತ್ತಾರೆ. ನಮ್ಮ ಹೋಂಸ್ಟೇಯ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಇದೆ. ಅಪಾಯವಿದೆಯೇ?
— ಗೃಹಿಣಿ, ಮಡಿಕೇರಿ

ಉತ್ತರ: ಎರಡರದ್ದೂ ಒಂದೇ ಅಪಾಯ. ಗಾಳಿಯಾಡದ ಕೋಣೆಯಲ್ಲಿ ಕೆಂಡವಾಗಲಿ ಗ್ಯಾಸ್ ಆಗಲಿ ಉರಿದಾಗ ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ; ತಲೆನೋವು, ಓಕರಿಕೆ, ಮಂಪರು ಬಂದು ಮಲಗಿದವರು ಏಳುವುದೇ ಇಲ್ಲ. ಬಾಣಲೆಯಿಂದ ಕೋಣೆ ಬೆಚ್ಚಗಾದ ಮೇಲೆ ಮಲಗುವ ಮೊದಲು ಅದನ್ನು ಹೊರಗಿಟ್ಟುಬಿಡಿ. ಅತ್ತೆಯವರು ಒಪ್ಪದಿದ್ದರೆ ಬಿಸಿನೀರಿನ ಚೀಲ ಕೊಟ್ಟು ನೋಡಿ, ಮೊಣಕಾಲಿಗೆ ಅದೇ ಹೆಚ್ಚು ಹಿತ. ಗೀಸರ್ ಮತ್ತು ಸಿಲಿಂಡರ್ ಎರಡನ್ನೂ ಬಚ್ಚಲಿನ ಹೊರಗೋಡೆಗೆ ಸ್ಥಳಾಂತರಿಸಿ. ಅಲ್ಲಿಯವರೆಗೆ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಸ್ನಾನಕ್ಕಿಳಿಯುವಂತೆ ಅತಿಥಿಗಳಿಗೂ ಹೇಳಿ. ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಬಾಗಿಲು ತೆರೆದು, ರೆಗ್ಯುಲೇಟರ್ ಮುಚ್ಚಿ, ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಸುಟ್ಟ ಗಾಯಕ್ಕೆ ಕಾಫಿಪುಡಿ ಮೆತ್ತುವ ನಮ್ಮ ಜಿಲ್ಲೆಯ ಅಭ್ಯಾಸವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ಬೇಡ. ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ, ಸ್ವಚ್ಛ ಬಟ್ಟೆ ಹೊದಿಸಿ, ವೈದ್ಯರಲ್ಲಿಗೆ ಹೋಗಿ.

ಪ್ರಶ್ನೆ: 2018, 2019ರಲ್ಲಿ ನಮ್ಮ ಮನೆಗೆ ಕಾವೇರಿ ನುಗ್ಗಿತು. ನಮ್ಮಲ್ಲಿ ಮಳೆ ಹೆಚ್ಚಿಲ್ಲದ ದಿನವೂ ನೀರು ಏರುತ್ತದೆ. ಯಾವಾಗ ಮನೆ ಬಿಡಬೇಕೆಂದು ತಿಳಿಯುವುದು ಹೇಗೆ?
— ಕರಡಿಗೋಡು

ಉತ್ತರ: ನಿಮ್ಮಲ್ಲಿಗೆ ಬರುವ ನೀರು ನಿಮ್ಮ ಮಳೆಯದಲ್ಲ, ಭಾಗಮಂಡಲ ಮತ್ತು ನಾಪೋಕ್ಲು ಕಡೆಯ ಮಳೆಯದು. ಆದ್ದರಿಂದ ಅಂಗಳದ ಆಕಾಶ ನೋಡಿ ನಿರ್ಧರಿಸಬೇಡಿ. ಭಾಗಮಂಡಲದ ನೆಂಟರೊಬ್ಬರು ದಿನವೂ ಬೆಳಿಗ್ಗೆ ಮಳೆಯ ಅಳತೆ ತಿಳಿಸುವಂತೆ ಮಾಡಿಕೊಳ್ಳಿ. ನಮ್ಮ ತೋಟಗಳಲ್ಲಿ ಮಳೆ ಅಳೆಯುವುದು ಇಂಚು, ಸೆಂಟುಗಳಲ್ಲಿ (ನೂರು ಸೆಂಟಿಗೆ ಒಂದು ಇಂಚು); ಹವಾಮಾನ ಇಲಾಖೆ ಹೇಳುವುದು ಮಿಲಿಮೀಟರಿನಲ್ಲಿ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರೀ ಮಳೆ, ಅಂದರೆ ನಮ್ಮ ಎರಡೂವರೆ ಇಂಚು, 115.6 ಮಿ.ಮೀ. ಅಥವಾ ನಾಲ್ಕೂವರೆ ಇಂಚಿನಿಂದ ಅತಿ ಭಾರೀ, 204.5 ಮಿ.ಮೀ., ಅಂದರೆ ಎಂಟು ಇಂಚು ದಾಟಿದರೆ ಅತ್ಯಂತ ಭಾರೀ. ಮೇಲಿನೂರಿನಲ್ಲಿ ಸತತ ಎರಡು ದಿನ ನಾಲ್ಕೂವರೆ ಇಂಚು ದಾಟಿದ್ದರೆ, ನಿಮ್ಮಲ್ಲಿ ಬಿಸಿಲಿದ್ದರೂ ಗಂಟು ಕಟ್ಟಿಡಬೇಕು ಎಂಬುದು ನನ್ನ ಅಭಿಪ್ರಾಯ.

ಈ ಬೇಸಿಗೆಯಲ್ಲಿಯೇ ನದಿಯ ದಡದಿಂದ ಮನೆಯವರೆಗೆ ಮೂರು ಗುರುತು ಮಾಡಿ, ಹಿಂದಿನ ಪ್ರವಾಹದ ಮಟ್ಟ ನೆನಪಿರುವ ಹಿರಿಯರನ್ನು ಕರೆದುಕೊಂಡು. ಮೊದಲ ಗುರುತಿಗೆ ನೀರು ಬಂದಾಗ ಆಧಾರ್, ಪಡಿತರ ಚೀಟಿ, ಜಾಗದ ದಾಖಲೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮಕ್ಕಳನ್ನೂ ವೃದ್ಧರನ್ನೂ ಕಳುಹಿಸಿ. ಎರಡನೆಯದಕ್ಕೆ ಬಂದಾಗ ಮೇನ್ ಸ್ವಿಚ್ ಆರಿಸಿ, ಸಿಲಿಂಡರಿನ ಬಾಯಿ ಮುಚ್ಚಿ ಕಟ್ಟಿ, ದನಗಳ ಹಗ್ಗ ಬಿಚ್ಚಿ ಹೊರಡಿ. ಮೂರನೆಯ ಗುರುತು ನೋಡಲು ನೀವು ಅಲ್ಲಿರಬಾರದು. ಎರಡನೆಯ ಗುರುತಿಗೆ ನೀರು ರಾತ್ರಿ ಬರಬಹುದು ಎನಿಸಿದರೆ ಹಗಲೇ ಹೊರಟುಬಿಡಿ. ಹರಿಯುವ ನೀರು ಅರ್ಧ ಅಡಿಯಿದ್ದರೂ ನಡೆಯುವವರನ್ನು ಕೆಡವಬಲ್ಲದು. ಒಂದು ಅಡಿ ನೀರು ಸಣ್ಣ ಕಾರನ್ನು ತೇಲಿಸುತ್ತದೆ, ಎರಡು ಅಡಿ ನೀರಿನಲ್ಲಿ ಜೀಪೂ ನಿಲ್ಲುವುದಿಲ್ಲ. ಕಕ್ಕಡದ (ಜುಲೈ–ಆಗಸ್ಟ್‌ನ ಕೊಡವ ತಿಂಗಳ) ಕೆಂಪು ನೀರಿನಡಿ ರಸ್ತೆ ಇದೆಯೋ ಕೊಚ್ಚಿ ಹೋಗಿದೆಯೋ ಮೇಲಿನಿಂದ ಕಾಣುವುದೂ ಇಲ್ಲ.

ಪ್ರಶ್ನೆ: ಮನೆಯ ಹಿಂದೆ ಹದಿನೈದು ಅಡಿ ಎತ್ತರದ ಬರೆ ಇದೆ. ಮಕ್ಕಂದೂರು, ಜೋಡುಪಾಲದಲ್ಲಿ ಗುಡ್ಡ ಕುಸಿದದ್ದನ್ನು ನೋಡಿದ ಮೇಲೆ ನಿದ್ದೆ ಬರುವುದಿಲ್ಲ.
— ಮಾದಾಪುರ ಸಮೀಪ

ಉತ್ತರ: ನಿಮ್ಮ ಭಯ ಅಕಾರಣವಲ್ಲ. ಮನೆಗಾಗಿ, ರಸ್ತೆಗಾಗಿ ಇಳಿಜಾರಿನ ಬುಡವನ್ನು ನೆಟ್ಟಗೆ ಕತ್ತರಿಸಿದಾಗ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ, ಅದರೊಳಗೆ ನೀರು ತುಂಬಿದಾಗ ತೂಕ ತಡೆಯದೆ ಜಾರುತ್ತದೆ. ಈಗಲೇ ಬರೆಯ ತಲೆಯ ಮೇಲ್ಭಾಗದಲ್ಲಿ ಚರಂಡಿ ತೆಗೆದು, ಮೇಲಿನಿಂದ ಬರುವ ನೀರನ್ನು ಪಕ್ಕಕ್ಕೆ ತಿರುಗಿಸಿ ತೋಡಿಗೆ (ಹಳ್ಳಕ್ಕೆ) ಸೇರಿಸಿ. ತೇವ ಹಿಡಿಯಲೆಂದು ತೋಟದಲ್ಲಿ ತೋಡುವ ತೊಟ್ಟಿಲು ಗುಂಡಿಗಳು ಬರೆಯ ಮೇಲ್ಗಡೆ ಇದ್ದರೆ ಮುಚ್ಚಿಸಿ. ಬೇರೆಡೆ ಅವು ಒಳ್ಳೆಯವು, ಇಲ್ಲಿ ಅವು ಬರೆಗೆ ನೀರು ಕುಡಿಸುತ್ತವೆ. ಕಲ್ಲಿನ ತಡೆಗೋಡೆ ಕಟ್ಟಿಸುವುದಾದರೆ ನೀರು ಹೊರಬರಲು ಪೈಪು ಬಿಡದ ಗೋಡೆಗೆ ಹಣ ಸುರಿಯಬೇಡಿ.

ಮಳೆಗಾಲದಲ್ಲಿ ದಿನಕ್ಕೆರಡು ಬಾರಿ ಛತ್ರಿ ಹಿಡಿದು ಹಿತ್ತಿಲು ಸುತ್ತಿ. ನೆಲದಲ್ಲಿ ಹೊಸ ಬಿರುಕು, ನೆಟ್ಟಗಿದ್ದ ಮರ ಅಥವಾ ಕಂಬ ವಾಲಿರುವುದು, ಸಲೀಸಾಗಿದ್ದ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುವುದು, ಹಿಂದೆಂದೂ ಇಲ್ಲದ ಕಡೆ ಒರತೆ ಏಳುವುದು, ತಿಳಿಯಾಗಿದ್ದ ಒರತೆ ಕೆಸರಾಗುವುದು, ಇವುಗಳಲ್ಲಿ ಒಂದು ಕಂಡರೂ ಆ ರಾತ್ರಿ ಅಲ್ಲಿ ಮಲಗಬೇಡಿ. ಸುರಿಮಳೆಯಲ್ಲೂ ಮನೆ ಮೇಲಿನ ತೋಡಿನ ನೀರು ಇದ್ದಕ್ಕಿದ್ದಂತೆ ಕಡಿಮೆಯಾದರೆ ಮೇಲೆಲ್ಲೋ ಮಣ್ಣು ಕುಸಿದು ಕಟ್ಟೆ ಕಟ್ಟಿದೆ ಎಂದರ್ಥ; ಚೀಲವನ್ನೂ ಹುಡುಕದೆ ತೋಡಿನ ದಾರಿಯಿಂದ ಪಕ್ಕಕ್ಕೆ ಓಡಿ. ಜಿಲ್ಲಾ ನಿಯಂತ್ರಣ ಕೊಠಡಿಯ ಸಂಖ್ಯೆ 1077.

ಪ್ರಶ್ನೆ: ತೋಟದಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಮಾಡಿಸಿದ್ದೇವೆ. ಲೈನ್ ಮನೆಯ (ತೋಟದ ಕಾರ್ಮಿಕರ ವಸತಿಯ) ಮಕ್ಕಳು ಅತ್ತ ಹೋಗುತ್ತಾರೆ.
— ಗೋಣಿಕೊಪ್ಪಲು

ಉತ್ತರ: ಆ ಹಾಳೆಯ ಮೇಲೆ ಪಾಚಿ ಕಟ್ಟಿದಾಗ ಈಜು ಬಲ್ಲ ದೊಡ್ಡವರೂ ಹತ್ತಿ ಬರಲಾರರು. ಬೇಲಿ ಹಾಕಿಸಿ, ನಾಲ್ಕೂ ದಡದಿಂದ ಅಡಿಗೊಂದು ಗಂಟಿರುವ ದಪ್ಪ ಹಗ್ಗವನ್ನು ನೀರಿನ ತಳದವರೆಗೆ ಇಳಿಬಿಡಿ. ಹಳೆಯ ಟೈರುಗಳನ್ನು ಏಣಿಯಂತೆ ಕಟ್ಟಿದರೆ ಇನ್ನೂ ಒಳ್ಳೆಯದು. ಬಿದ್ದವರನ್ನು ಕಂಡು ನೀರಿಗೆ ಹಾರಬೇಡಿ, ಬಿದಿರಿನ ಗಳು, ಸೀರೆ, ಬಾಯಿ ಮುಚ್ಚಿದ ಖಾಲಿ ಎಣ್ಣೆ ಕ್ಯಾನು, ಏನು ಸಿಕ್ಕಿದರೂ ಎಸೆಯಿರಿ. ಮೇಲೆತ್ತಿದ ಮೇಲೆ ಹೊಟ್ಟೆ ಒತ್ತುವುದು, ತಲೆಕೆಳಗು ಮಾಡಿ ತಿರುಗಿಸುವುದು ಬೇಡ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಎದೆಯ ನಡುವೆ 30 ಬಾರಿ ಒತ್ತಿ ಮತ್ತೆ 2 ಉಸಿರು, ಹೀಗೆ 108 ವಾಹನ ಬರುವವರೆಗೂ ನಿಲ್ಲಿಸದೆ ಮಾಡಬೇಕು.

ಪ್ರಶ್ನೆ: ಪ್ರವಾಹ ಇಳಿದ ಮೇಲೆ ಬಾವಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು?
— ನೆಲ್ಯಹುದಿಕೇರಿ

ಉತ್ತರ: ಮೊದಲು ಕೆಸರು ನೀರನ್ನು ಪಂಪ್ ಮಾಡಿ ಹೊರಹಾಕಿ, ಹೊಸ ನೀರು ಊರಲು ಬಿಡಿ. ಸಾಮಾನ್ಯ ದಿನಗಳ ಲೆಕ್ಕ ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ಪ್ರವಾಹದ ನಂತರ ಮೊದಲ ಬಾರಿಗೆ ಅದರ ಇಮ್ಮಡಿ ಹಾಕಿ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್ ಆಗುತ್ತದೆ, ಅದಕ್ಕೆ ಸುಮಾರು 47 ಗ್ರಾಂ ಬೇಕು. ಪುಡಿಯನ್ನು ನೇರವಾಗಿ ಬಾವಿಗೆ ಸುರಿಯಬೇಡಿ. ಬಕೆಟಿನಲ್ಲಿ ಕದಡಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬೇರೆ ಬಕೆಟಿಗೆ ಬಗ್ಗಿಸಿ, ಆ ಬಕೆಟನ್ನು ಹಗ್ಗದಲ್ಲಿ ನೀರಿನೊಳಗೆ ಇಳಿಸಿ ಮೇಲೆ ಕೆಳಗೆ ಆಡಿಸಿ. ತಳದಲ್ಲಿ ಉಳಿದ ಸುಣ್ಣವನ್ನು ಬಾವಿಗೆ ಹಾಕಿದರೆ ನೀರು ಗಡಸಾಗುತ್ತದೆ. ಕನಿಷ್ಠ ಒಂದು ಗಂಟೆ ನೀರು ಸೇದಬಾರದು, ಆದ್ದರಿಂದ ರಾತ್ರಿ ಹಾಕುವುದೇ ಅನುಕೂಲ. ಡಬ್ಬಿ ತೆರೆದಾಗ ಮೂಗಿಗೆ ಘಾಟು ಹೊಡೆಯದಿದ್ದರೆ ಪುಡಿ ಸತ್ವ ಕಳೆದುಕೊಂಡಿದೆ, ಬೇರೆ ತನ್ನಿ. ಕುಡಿಯುವ ನೀರನ್ನು ಮಾತ್ರ ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬ ಕಳೆಯುವವರೆಗೂ ಕುದಿಸಿಯೇ ಕುಡಿಯಿರಿ.